ಮಾಕುಟ್ಟ ದಾಟಿದ ಮೇಲೆ ಮಗು ಎಲ್ಲಿ ಕೂರಬೇಕು? ವಿದೇಶದ ಬಾಡಿಗೆ ಕಾರು ಮತ್ತು ಚೈಲ್ಡ್ ಸೀಟ್ ಗೊಂದಲ

ಕೊಡಗಿನ ವಿರಾಜಪೇಟೆಯಿಂದ ಪೆರುಂಬಾಡಿ, ಕೇರಳ ಗಡಿಯ ಮಾಕುಟ್ಟ ದಾಟಿ ಘಟ್ಟ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಸುಮಾರು 60 ಕಿಲೋಮೀಟರ್. 2018ರ ಡಿಸೆಂಬರ್‌ನಲ್ಲಿ ಅದು ತೆರೆದ ಮೇಲೆ ದಕ್ಷಿಣ ಕೊಡಗಿನವರಿಗೆ ಮೈಸೂರಿಗಿಂತ ವಿಮಾನವೇ ಹತ್ತಿರ. ಗಲ್ಫ್‌ನಲ್ಲಿ ಮಗಳು ಅಳಿಯ, ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ತಮ್ಮ. ಕಾಫಿ ಕುಯ್ಲು ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿತು ಅಂದರೆ ಅತ್ತ ಒಂದು ಪ್ರವಾಸ. ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡರೆ ಒಂದು ವರ್ಷ ನಡೆಯುತ್ತದೆ. ಘಟ್ಟದಲ್ಲಿ ಓಡಿಸಿ ಪಳಗಿದ ಕೈಗೆ ಅಲ್ಲಿನ ನುಣುಪಾದ ರಸ್ತೆ ಏನು ದೊಡ್ಡದು ಅಂತ ಬಾಡಿಗೆ ಕಾರು ಬುಕ್ ಮಾಡುವವರೂ ಈಗ ಜಾಸ್ತಿ.

ಬುಕಿಂಗ್ ಮಾಡುವಾಗ ಒಂದು ಪುಟ್ಟ ಚೌಕ ಎದುರಾಗುತ್ತದೆ. ಚೈಲ್ಡ್ ಸೀಟ್, ಅಂದರೆ ಮಗುವನ್ನು ಭದ್ರವಾಗಿ ಕೂರಿಸಲು ಕಾರಿನ ಸೀಟಿಗೆ ಕಟ್ಟುವ ಪುಟ್ಟ ಸೀಟು, ಬೇಕೇ, ಬೇಡವೇ? ಬೇಕಾದರೆ ಯಾವ ಥರದ್ದು? ಪಕ್ಕದಲ್ಲೇ ದಿನಕ್ಕೆ ಇಷ್ಟು ಅಂತ ದರ. ಇಲ್ಲಿಗೆ ಬಂದು ನಿಲ್ಲುವವರಿಗೆ ವಾಟ್ಸಾಪ್ ಗುಂಪುಗಳಲ್ಲಿ ಸಿಗುವ ಉತ್ತರ ಒಂದೊಂದು ಥರ. ‘ಕೇರಳದಲ್ಲೇ ಚೈಲ್ಡ್ ಸೀಟ್ ರೂಲು ವಾಪಸ್ ತೆಗೆದುಕೊಂಡರಂತೆ’ ಅಂತ ಒಬ್ಬರು. ‘ಯುರೋಪಿನಲ್ಲಿ ಹಳೇ ಸೀಟುಗಳನ್ನೆಲ್ಲ ಬ್ಯಾನ್ ಮಾಡಿದ್ದಾರೆ’ ಅಂತ ಇನ್ನೊಬ್ಬರು. ‘ಟ್ಯಾಕ್ಸಿಯಲ್ಲಿ ಬೇಡ ಅಂದಮೇಲೆ ಬಾಡಿಗೆ ಕಾರಿನಲ್ಲಿ ಯಾಕೆ?’ ಅಂತ ಮತ್ತೊಬ್ಬರು. ಮೂರು ಮಾತಿನಲ್ಲೂ ಅರ್ಧ ಸತ್ಯ ಇದೆ. ಆ ಅರ್ಧವೇ ತೊಂದರೆ ಕೊಡುವುದು.

ಕೇರಳದಲ್ಲಿ ಆಗಿದ್ದೇನು?

2024ರ ಸೆಪ್ಟೆಂಬರ್ ಕೊನೆಯಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಒಂದು ಅಪಘಾತವಾಯಿತು. ಕಾರಿನ ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗ್ ಬಡಿದು ತೀರಿಕೊಂಡಿತು. ಅದಾದ ಕೆಲವೇ ದಿನಕ್ಕೆ, ಅಕ್ಟೋಬರ್‌ನಲ್ಲಿ, ಕೇರಳದ ಸಾರಿಗೆ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಕಾರಿನ ಹಿಂದಿನ ಸೀಟಿನಲ್ಲಿ ಚೈಲ್ಡ್ ಸೀಟ್, ಅದಕ್ಕಿಂತ ದೊಡ್ಡವರಾಗಿ 135 ಸೆಂಟಿಮೀಟರ್ ಎತ್ತರ ದಾಟದ ಮಕ್ಕಳಿಗೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು. ಅಕ್ಟೋಬರ್‌ನಲ್ಲಿ ತಿಳಿವಳಿಕೆ, ನವೆಂಬರ್‌ನಲ್ಲಿ ಎಚ್ಚರಿಕೆ, ಡಿಸೆಂಬರ್‌ನಿಂದ ದಂಡ. ಒಂದೆರಡು ದಿನದಲ್ಲೇ ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಅವರು ದಂಡ ಹಾಕುವುದಿಲ್ಲ, ಜನರಿಗೆ ತಿಳಿಹೇಳುವುದಷ್ಟೇ ಉದ್ದೇಶ ಎಂದರು. ‘ರೂಲು ವಾಪಸ್’ ಅನ್ನುವ ಸುದ್ದಿ ಹುಟ್ಟಿದ್ದು ಇಲ್ಲಿ.

ಆದರೆ ವಾಪಸ್ ಹೋಗಿದ್ದು ದಂಡದ ವೇಳಾಪಟ್ಟಿ, ಕಾನೂನಲ್ಲ. ಕಾನೂನು ಕೇರಳದ್ದೂ ಅಲ್ಲ. 2019ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 194ಬಿ ಎಂಬ ಹೊಸ ಕಲಂ ಸೇರಿತು. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್‌ನಿಂದಲೋ ಚೈಲ್ಡ್ ಸೀಟಿನಿಂದಲೋ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ ಎಂದು ಅದರಲ್ಲಿದೆ. 2019ರ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಮಾಕುಟ್ಟ ಚೆಕ್‌ಪೋಸ್ಟಿನ ಈಚೆಗೂ ಅದೇ, ಆಚೆಗೂ ಅದೇ.

ನಮ್ಮ ಕಲಂನಲ್ಲಿ ‘ಅಥವಾ’ ಅನ್ನುವ ಪದ ಇದೆ, ಗಮನಿಸಿ. ಬೆಲ್ಟ್ ಅಥವಾ ಚೈಲ್ಡ್ ಸೀಟ್. ಯಾವ ವಯಸ್ಸಿಗೆ ಯಾವುದು ಅಂತ ಆ ಕಲಂ ಹೇಳುವುದಿಲ್ಲ. ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಕಟ್ಟಿದರೂ ಕಾಗದದ ಮೇಲೆ ಕಾನೂನು ಪಾಲಿಸಿದ ಹಾಗೆ. ಬೇರೆ ಎಷ್ಟೋ ದೇಶಗಳ ಕಾನೂನು ಈ ‘ಅಥವಾ’ವನ್ನು ಒಪ್ಪುವುದಿಲ್ಲ. ಇಲ್ಲಿಂದ ಹೋದವರು ಮೊದಲು ಎಡವುವುದೇ ಈ ಜಾಗದಲ್ಲಿ.

ಮಡಿಲು ಯಾಕೆ ಸಾಲದು

ಸಂಪಾಜೆ ಘಟ್ಟ ಇಳಿಯುವಾಗ ಮಕ್ಕಳಿಗೆ ವಾಂತಿ ಬರುವುದು ಮಾಮೂಲು. ಅಮ್ಮನ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದು ಕೈಯಲ್ಲಿ ಮಗು. ಮಡಿಲಲ್ಲಿ ಇದ್ದರೆ ಮಗು ಸುಮ್ಮನಿರುತ್ತದೆ, ನಿದ್ದೆ ಹೋಗುತ್ತದೆ. ಹಾಗಾಗಿ ಮಡಿಲೇ ಕ್ಷೇಮ ಅನ್ನುವ ನಂಬಿಕೆ ಬೆಳೆದಿರುವುದು ಸುಮ್ನೆ ಅಲ್ಲ. ಕಾರು ಓಡುತ್ತಿರುವಷ್ಟು ಹೊತ್ತು ಅದು ನಿಜ ಕೂಡ. ಕಾರು ತಟ್ಟನೆ ನಿಂತಾಗ ಲೆಕ್ಕ ಬದಲಾಗುತ್ತದೆ.

ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದೆ ಅಂದುಕೊಳ್ಳಿ. ಎದುರಿಗೆ ಏನಕ್ಕೋ ಬಡಿದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು. ಕಾರು ನಿಂತರೂ ಒಳಗಿದ್ದವರ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಅದನ್ನು ಅಷ್ಟೇ ಹೊತ್ತಿನಲ್ಲಿ ಹಿಡಿದು ನಿಲ್ಲಿಸಬೇಕಾದರೆ ದೇಹದ ತೂಕದ ಸುಮಾರು 14 ಪಟ್ಟು ಬಲ ಬೇಕು. ಹತ್ತು ಕೆಜಿ ಮಗುವಿಗೆ 140 ಕೆಜಿ. ಅಂದರೆ 50 ಕೆಜಿಯ ಕಾಫಿ ಚೀಲ ಹೆಚ್ಚುಕಡಿಮೆ ಮೂರು, ಒಟ್ಟಿಗೆ ಕೈಯಿಂದ ಹಾರಿದ ಹಾಗೆ. ಒಂದು ಚೀಲ ಎತ್ತಿ ಲಾರಿಗೆ ಹಾಕುವವರಿಗೆ ಗೊತ್ತು ಅದರ ಭಾರ ಎಂಥದ್ದು. ಕೂತಲ್ಲೇ ಮೂರು ಚೀಲ ತಡೆಯುವ ತೋಳು ಯಾರಿಗೂ ಇಲ್ಲ.

ಅಮ್ಮನ ಬೆಲ್ಟನ್ನೇ ಮಗುವಿಗೂ ಸೇರಿಸಿ ಸುತ್ತಿದರೆ? ಇದು ಇನ್ನೂ ಅಪಾಯ. ಬೆಲ್ಟ್ ಮುಂದೆ ತಡೆದು ನಿಲ್ಲುತ್ತದೆ, ಹಿಂದಿನಿಂದ ಅಮ್ಮನ ಇಡೀ ಭಾರ ಬಂದು ಮಗುವನ್ನು ಆ ಬೆಲ್ಟಿಗೆ ಒತ್ತುತ್ತದೆ.

ಚಿಕ್ಕ ಮಗುವಿನ ತಲೆ ಅದರ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ. ಕುತ್ತಿಗೆಯ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಡಿಕ್ಕಿಯಾದರೆ ಆ ಭಾರದ ತಲೆ ಮುಂದೆ ಚಿಮ್ಮುತ್ತದೆ, ಎಳೆತ ಎಲ್ಲ ಕುತ್ತಿಗೆಯ ಮೇಲೆ. ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರಿಸಿದರೆ ತಲೆ, ಬೆನ್ನು, ಕುತ್ತಿಗೆ ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗುತ್ತವೆ, ಪೆಟ್ಟು ಹಂಚಿಹೋಗುತ್ತದೆ. ಯುರೋಪಿನ ಹೊಸ ನಿಯಮ 15 ತಿಂಗಳವರೆಗೆ ಮಗು ಹಿಂದಕ್ಕೇ ಮುಖ ಮಾಡಿರಬೇಕು ಅನ್ನುವುದು ಇದಕ್ಕೇ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದವರೆಗೆ ಹಾಗೇ ಕೂರಿಸಬೇಕು. ತೂಕ 40 ಪೌಂಡ್ ಅಥವಾ ಎತ್ತರ 40 ಇಂಚು ಮುಟ್ಟಿದ್ದರೆ ಮಾತ್ರ ವಿನಾಯಿತಿ.

ಹೀಗೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಮಗುವಿನ ತಲೆ ಡ್ಯಾಶ್‌ಬೋರ್ಡಿಗೆ ಅಂಟಿದಂತೆಯೇ ಇರುತ್ತದೆ. ಏರ್‌ಬ್ಯಾಗ್ ಸಿಡಿದರೆ ಮೊದಲ ಪೆಟ್ಟು ಅಲ್ಲಿಗೇ.

ವಯಸ್ಸೋ, ಎತ್ತರವೋ?

‘ನಮ್ಮ ಮಗಳಿಗೆ ಎಂಟು ವರ್ಷ, ಸೀಟ್ ಬೇಕಾ?’ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ದೇಶ ಅನ್ನುವುದರ ಮೇಲೆ ಹೋಗುತ್ತದೆ.

ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಬೇಕು. ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್. ಯುರೋಪಿಯನ್ ಒಕ್ಕೂಟದ ಮೂಲ ನಿಯಮ 150 ಅನ್ನುತ್ತದೆ. ಬೇಕಾದ ದೇಶಗಳು 135ಕ್ಕೆ ಇಳಿಸಿಕೊಳ್ಳಬಹುದು. ಸಿಂಗಪುರದಲ್ಲಿ 135. ಜಪಾನಿನಲ್ಲಿ ಆರು ವರ್ಷದೊಳಗಿನವರಿಗೆ ಕಡ್ಡಾಯ. ಯುಎಇಯಲ್ಲಿ ನಾಲ್ಕು ವರ್ಷದವರೆಗೆ ಚೈಲ್ಡ್ ಸೀಟ್. ಜೊತೆಗೆ ಹತ್ತು ವರ್ಷದೊಳಗಿನ ಅಥವಾ 145 ಸೆಂಟಿಮೀಟರ್ ಮುಟ್ಟದ ಮಕ್ಕಳನ್ನು ಮುಂದೆ ಕೂರಿಸುವಂತಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಾರು ಓಡಿಸಿಕೊಂಡು ಹೋದರೆ ನಿಯಮವೂ ಬದಲಾಗುತ್ತದೆ.

ಇಷ್ಟೊಂದು ವ್ಯತ್ಯಾಸ ನೋಡಿದರೆ ಎಲ್ಲ ಮನಸ್ಸಿಗೆ ಬಂದ ಹಾಗೆ ಬರೆದಂತೆ ಕಾಣುತ್ತದೆ. ಹಾಗಲ್ಲ. ಮೂಲ ಕಾರಣ ಬೆಲ್ಟಿನ ದಾರಿ. ಕಾರಿನ ಬೆಲ್ಟ್ ದೊಡ್ಡವರ ಮೈ ಅಳತೆಗೆ ಮಾಡಿದ್ದು. ಮೇಲಿನ ಪಟ್ಟಿ ಹೆಗಲ ಎಲುಬಿನ ಮೇಲೆ ಹೋಗಬೇಕು, ಕೆಳಗಿನ ಪಟ್ಟಿ ಸೊಂಟದ ಗಟ್ಟಿ ಎಲುಬಿನ ಮೇಲೆ ಕೂರಬೇಕು. ಗಿಡ್ಡ ಮಗುವಿಗೆ ಅದೇ ಬೆಲ್ಟ್ ಹಾಕಿದರೆ ಮೇಲಿನದು ಕುತ್ತಿಗೆಗೆ ಬರುತ್ತದೆ, ಕೆಳಗಿನದು ಹೊಟ್ಟೆಯ ಮೇಲೆ. ಕುತ್ತಿಗೆಗೆ ಒತ್ತುತ್ತದೆ ಅಂತ ಮಗು ಮೇಲಿನ ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತದೆ. ಎಲ್ಲ ಮಕ್ಕಳೂ ಮಾಡುವ ಕೆಲಸ ಅದು. ಆಮೇಲೆ ಡಿಕ್ಕಿಯಾದರೆ ಪೆಟ್ಟು ಕರುಳಿಗೆ, ಬೆನ್ನುಹುರಿಗೆ. ಬೂಸ್ಟರ್ ಮಾಡುವುದು ಇಷ್ಟೇ: ಮಗುವನ್ನು ಒಂದಿಷ್ಟು ಮೇಲೆತ್ತಿ ಬೆಲ್ಟ್ ಸರಿಯಾದ ಎಲುಬಿಗೆ ಬರುವ ಹಾಗೆ ನೋಡಿಕೊಳ್ಳುವುದು.

ದೇಹಕ್ಕೆ ಬೇಕಿರುವುದು ಎತ್ತರದ ಲೆಕ್ಕ. ಪೊಲೀಸರಿಗೆ ಸುಲಭವಾಗಿ ಸಿಗುವುದು ವಯಸ್ಸಿನ ಲೆಕ್ಕ, ಪಾಸ್‌ಪೋರ್ಟ್ ನೋಡಿದರೆ ಆಯಿತು. ಒಂದೊಂದು ದೇಶ ಇವೆರಡರ ನಡುವೆ ಒಂದೊಂದು ಕಡೆ ಗೆರೆ ಎಳೆದಿದೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಹೊತ್ತಿಗೇ ಮಗುವನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲ್ ಗೆರೆ ಎಳೆದು, ಟೇಪ್ ಹಿಡಿದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತೂಕವೂ ಬೇಕು. ಬಾಡಿಗೆ ಕಂಪನಿಯವರು ಕೇಳುವುದು ಇವೆರಡನ್ನೇ.

ಯುರೋಪಿನ ‘ಬ್ಯಾನ್’ ಮತ್ತು ಕಿತ್ತಳೆ ಬಣ್ಣದ ಸ್ಟಿಕ್ಕರ್

ಯುರೋಪಿನ ಸುದ್ದಿಗೆ ಬರೋಣ. ಅಲ್ಲಿ ಬಹಳ ವರ್ಷಗಳಿಂದ ಇದ್ದ ಮಾನದಂಡದ ಹೆಸರು ಆರ್44. ಅದು ಮಗುವಿನ ತೂಕದ ಮೇಲೆ ಸೀಟುಗಳನ್ನು ವಿಂಗಡಿಸುತ್ತಿತ್ತು. 2013ರಲ್ಲಿ ಆರ್129 ಬಂತು. ಐ-ಸೈಜ್ ಅಂತ ಕರೆಯುವುದು ಇದರ ಅಡಿಯಲ್ಲಿ ಬರುವ ಒಂದು ಬಗೆಯ ಸೀಟುಗಳನ್ನು. ಇದು ಎತ್ತರದ ಮೇಲೆ ನಡೆಯುತ್ತದೆ, ಪಕ್ಕದಿಂದ ಗುದ್ದಿದಾಗ ಏನಾಗುತ್ತದೆ ಅನ್ನುವ ಪರೀಕ್ಷೆಯನ್ನೂ ಮಾಡುತ್ತದೆ. 2024ರ ಸೆಪ್ಟೆಂಬರ್ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಆರ್44 ಸೀಟುಗಳನ್ನು ಮಾರುವುದು ನಿಂತಿತು.

ನಿಂತಿದ್ದು ಮಾರಾಟ, ಬಳಕೆಯಲ್ಲ. ಮನೆಯಲ್ಲಿ ಇರುವ ಆರ್44 ಸೀಟನ್ನು, ಅದರಲ್ಲಿ 03 ಅಥವಾ 04 ಅಂತ ನಮೂದಾಗಿದ್ದರೆ, ಬಳಸಬಹುದು. ಇದು ನಮಗೆ ಮುಖ್ಯ. ಯಾಕೆಂದರೆ ಭಾರತದಲ್ಲಿ ಮಾರಾಟವಾಗುವ ಎಷ್ಟೋ ಸೀಟುಗಳ ಮೇಲೆ ಇರುವುದು ಆರ್44/04 ಗುರುತೇ. ನಮ್ಮದೇ ಮಾನದಂಡ ಎಐಎಸ್-072 ಕೂಡ ಆರ್44ರ ಜಾಡಿನಲ್ಲೇ ಇದೆ.

ಸೀಟನ್ನು ತಿರುವಿ ಹಿಂದೆ, ಪಕ್ಕ ನೋಡಿ. ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಸ್ಟಿಕ್ಕರ್ ಇರುತ್ತದೆ. ಕೊಡಗಿನ ಕಿತ್ತಳೆಯ ಹಸಿರು ಹಳದಿ ಅಲ್ಲ, ನಾಗಪುರದ್ದು. ಅದರಲ್ಲಿ ಒಂದು ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಯಾವ ದೇಶ ಒಪ್ಪಿಗೆ ಕೊಟ್ಟಿದ್ದು ಅನ್ನುವುದನ್ನು ಹೇಳುತ್ತದೆ. 1 ಅಂದರೆ ಜರ್ಮನಿ, 4 ನೆದರ್‌ಲ್ಯಾಂಡ್ಸ್, 11 ಬ್ರಿಟನ್. ಈ ಸ್ಟಿಕ್ಕರ್ ಇಲ್ಲದ ಸೀಟು ಎಷ್ಟೇ ಮೆತ್ತಗಿದ್ದರೂ ಯುರೋಪಿನಲ್ಲಿ, ಬ್ರಿಟನ್‌ನಲ್ಲಿ ನಡೆಯುವುದಿಲ್ಲ.

ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಎಲ್ಲ ಕಡೆಯೂ ನಡೆಯುತ್ತದಾ? ಇಲ್ಲ. ಅಮೆರಿಕದಲ್ಲಿ ಬೇಕಿರುವುದು ಅಲ್ಲಿನ ಫೆಡರಲ್ ಮಾನದಂಡ ಸಂಖ್ಯೆ 213. ಅಲ್ಲಿನ ಸೀಟಿನಲ್ಲಿ ಎದೆಯ ಮೇಲೆ ಎರಡು ಪಟ್ಟಿಗಳನ್ನು ಕೂಡಿಸುವ ಒಂದು ಕ್ಲಿಪ್ ಇರುತ್ತದೆ, ಯುರೋಪಿನ ಸೀಟಿನಲ್ಲಿ ಇರುವುದಿಲ್ಲ. ಕೆನಡಾ ತನ್ನದೇ ಮುದ್ರೆ ಕೇಳುತ್ತದೆ. ಆಸ್ಟ್ರೇಲಿಯಾ ಇನ್ನೂ ಬಿಗಿ. ಅಲ್ಲಿನ ಮಾನದಂಡಕ್ಕೆ ಒಪ್ಪಿಗೆ ಪಡೆದ ಸೀಟೇ ಆಗಬೇಕು, ಬೆಲ್ಟ್ ಕಟ್ಟಿದ್ದಲ್ಲದೆ ಸೀಟಿನ ನೆತ್ತಿಯಿಂದ ಕಾರಿಗೆ ಬಿಗಿಯುವ ಪಟ್ಟಿಯೂ ಬೇಕು. ಯುರೋಪಿನ ಸೀಟು ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಒಂದೊಂದು ದೇಶ ತನ್ನ ಕಾರುಗಳ ಕೊಂಡಿಗೆ, ತನ್ನ ಪರೀಕ್ಷೆಯ ರೀತಿಗೆ ಹೊಂದುವಂತೆ ಸೀಟು ಕೇಳುತ್ತದೆ. ಒಳ್ಳೆಯ ಸೀಟು ಮತ್ತು ಒಪ್ಪಿಗೆ ಇರುವ ಸೀಟು ಬೇರೆ ಬೇರೆ ಮಾತು. ರಸ್ತೆ ಬದಿಯಲ್ಲಿ ನಿಲ್ಲಿಸಿದ ಪೊಲೀಸರಿಗೆ ಎರಡನೆಯದಷ್ಟೇ ಬೇಕು.

ಕೌಂಟರಿನಲ್ಲಿ ಏನಾಗುತ್ತದೆ

ಈ ವಿಷಯದಲ್ಲಿ ಜನ ಅಷ್ಟಾಗಿ ಯೋಚಿಸದ ಭಾಗ ಇದು. ಬುಕಿಂಗ್‌ನಲ್ಲಿ ಟಿಕ್ ಹಾಕಿದೆವು, ದುಡ್ಡು ಕೊಟ್ಟೆವು, ಇನ್ನು ಕಂಪನಿಯವರ ಜವಾಬ್ದಾರಿ ಅಂತ ನಾವು ಅಂದುಕೊಳ್ಳುತ್ತೇವೆ. ಕಂಪನಿಗಳು ಅದನ್ನು ನೋಡುವ ರೀತಿ ಬೇರೆ. ಅವರಿಗೆ ಚೈಲ್ಡ್ ಸೀಟ್ ಒಂದು ಹೆಚ್ಚುವರಿ ಸಾಮಾನು, ಜಿಪಿಎಸ್ ಇದ್ದ ಹಾಗೆ. ಎಷ್ಟೋ ಸಲ ಅದು ‘ಕೋರಿಕೆ’ ಮಾತ್ರ, ಖಾತ್ರಿಯಲ್ಲ. ನಡುವಿನ ಬುಕಿಂಗ್ ವೆಬ್‌ಸೈಟ್ ಮೂಲಕ ಹೋಗಿದ್ದರೆ ಆ ಕೋರಿಕೆ ಕೌಂಟರಿಗೆ ತಲುಪದೇ ಇರುವುದೂ ಉಂಟು. ಹೊರಡುವ ಮೂರ್ನಾಲ್ಕು ದಿನ ಮೊದಲು ಕಾರು ಪಡೆಯುವ ಶಾಖೆಗೇ ಮೇಲ್ ಮಾಡಿ, ಮಗುವಿನ ತೂಕ ಎತ್ತರ ತಿಳಿಸಿ, ಉತ್ತರ ಪಡೆದಿಟ್ಟುಕೊಳ್ಳುವುದು ಇದಕ್ಕೇ.

ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಬಂದಿದ್ದೀರಿ. ಕೌಂಟರಿನ ಹುಡುಗ ಹಿಂದಿನ ಕೋಣೆಯಿಂದ ಒಂದು ಸೀಟು ತಂದು ಕೈಗೆ ಕೊಡುತ್ತಾನೆ. ಹಿಂದಿನ ಮಗು ತಿಂದ ಬಿಸ್ಕತ್ತಿನ ಚೂರು ಮಡಿಕೆಯಲ್ಲೇ ಇರುತ್ತದೆ. ‘ಸ್ವಲ್ಪ ಕಟ್ಟಿಕೊಡಿ’ ಅಂದರೆ ತಲೆ ಆಡಿಸುತ್ತಾನೆ. ಬಹಳಷ್ಟು ಕಡೆ ಸಿಬ್ಬಂದಿ ಸೀಟನ್ನು ಕಾರಿಗೆ ಕಟ್ಟುವಂತಿಲ್ಲ. ಅವರು ಕಟ್ಟಿದ್ದು ಸಡಿಲವಾಗಿ ಏನಾದರೂ ಆದರೆ ಕೇಸು ಕಂಪನಿಯ ಮೇಲೆ ಬರುತ್ತದೆ ಅನ್ನುವ ಭಯ. ಅದರಲ್ಲಿ ಅರ್ಥ ಇಲ್ಲ ಅನ್ನಲಾಗದು, ಆದರೆ ಅನುಕೂಲ ಯಾರಿಗೆ ಅನ್ನುವುದೂ ಗೊತ್ತಾಗುತ್ತದೆ, ಅಲ್ವಾ? ದುಡ್ಡು ಅವರಿಗೆ, ಜವಾಬ್ದಾರಿ ನಿಮಗೆ. ಕಾನೂನು ಕೂಡ ಹಾಗೇ ಇದೆ. ಬ್ರಿಟನ್‌ನಲ್ಲಿ 14 ವರ್ಷದೊಳಗಿನ ಮಗು ಸರಿಯಾಗಿ ಕೂತಿಲ್ಲದಿದ್ದರೆ ಹೊಣೆ ಓಡಿಸುವವರದ್ದು. ದಂಡ 500 ಪೌಂಡ್‌ವರೆಗೆ ಹೋಗಬಹುದು. ಹಿಂದೆ ಕೂತ ಅಜ್ಜಿ ಮಗುವನ್ನು ಎತ್ತಿಕೊಂಡರು ಅನ್ನುವುದು ಉತ್ತರವಾಗುವುದಿಲ್ಲ.

ಆ ಹೊತ್ತಿನಲ್ಲಿ ಪಾರ್ಕಿಂಗ್‌ನಲ್ಲೇ ನೋಡಬೇಕಾದದ್ದು ಕೆಲವಿದೆ. ಸ್ಟಿಕ್ಕರ್ ಇದೆಯಾ? ಪ್ಲಾಸ್ಟಿಕ್ ಎಲ್ಲಾದರೂ ಸೀಳಿದೆಯಾ? ಬಕಲ್ ಒತ್ತಿದಾಗ ಕ್ಲಿಕ್ ಅನ್ನುತ್ತದಾ? ಪಟ್ಟಿ ಹಗ್ಗದ ಹಾಗೆ ತಿರುಚಿಕೊಂಡಿದೆಯಾ? ಕಟ್ಟಿದ ಮೇಲೆ ಸೀಟಿನ ಬುಡ ಹಿಡಿದು ಆಚೀಚೆ ಎಳೆಯಿರಿ, ಒಂದು ಇಂಚಿಗಿಂತ ಹೆಚ್ಚು ಅಲುಗಬಾರದು. ಮಗುವನ್ನು ಕೂರಿಸಿ ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಸಡಿಲ, ಇನ್ನೂ ಎಳೆಯಬೇಕು. ಸೀಟು ಸರಿ ಅನ್ನಿಸದಿದ್ದರೆ ಬದಲಿಸಿ ಕೊಡಿ ಅಂತ ಕೇಳಲು ನಾಚಿಕೆ ಬೇಡ. ನಮ್ಮವರು ಸಂಕೋಚಕ್ಕೆ ಸುಮ್ಮನಾಗುವುದೇ ಜಾಸ್ತಿ.

ಚಳಿಗಾಲದಲ್ಲಿ ಹೋಗುವವರಿಗೆ ಇನ್ನೊಂದು. ದಪ್ಪ ಜಾಕೆಟ್ ಹಾಕಿಸಿ ಅದರ ಮೇಲೆ ಪಟ್ಟಿ ಬಿಗಿದರೆ ಬಿಗಿಯಾದ ಹಾಗೆ ಕಾಣುತ್ತದೆ ಅಷ್ಟೇ. ಡಿಕ್ಕಿಯಾದಾಗ ಜಾಕೆಟ್ಟಿನ ಗಾಳಿಯೆಲ್ಲ ಹೊರಟು ಪಟ್ಟಿ ಸಡಿಲಾಗಿ ಮಗು ಜಾರುತ್ತದೆ. ಜಾಕೆಟ್ ತೆಗೆದು ಪಟ್ಟಿ ಬಿಗಿಯಬೇಕು, ಆಮೇಲೆ ಅದೇ ಜಾಕೆಟ್ಟನ್ನು ಮೇಲಿಂದ ಹೊದಿಸಿದರಾಯಿತು.

ಹೊತ್ತೊಯ್ಯುವುದೋ, ಬಾಡಿಗೆಗೋ, ಅಲ್ಲೇ ಕೊಳ್ಳುವುದೋ?

ಮನೆಯ ಸೀಟನ್ನೇ ಒಯ್ದರೆ ಅದರ ಚರಿತ್ರೆ ಗೊತ್ತಿರುತ್ತದೆ, ಮಗುವಿಗೆ ಅಭ್ಯಾಸವೂ ಇರುತ್ತದೆ. ಹೆಚ್ಚಿನ ವಿಮಾನ ಸಂಸ್ಥೆಗಳು ಮಕ್ಕಳ ಸೀಟನ್ನು ಪುಕ್ಕಟೆಯಾಗಿ ಒಯ್ಯುತ್ತವೆ, ಆದರೂ ಟಿಕೆಟ್ಟಿನ ಷರತ್ತು ಓದಿಕೊಳ್ಳಿ. ಲಗೇಜಿನಲ್ಲಿ ಎತ್ತಿ ಹಾಕುವಾಗ ಕಣ್ಣಿಗೆ ಕಾಣದ ಬಿರುಕು ಬೀಳಬಹುದು, ಅದಕ್ಕೇ ಬಂದ ಪೆಟ್ಟಿಗೆಯಲ್ಲೇ ತುಂಬಿ ಕಳಿಸುವುದು ಮೇಲು. ಯುರೋಪ್, ಬ್ರಿಟನ್‌ಗೆ ಹೋಗುವುದಾದರೆ, ಸೀಟಿನ ಮೇಲೆ ಇ ಗುರುತು ಇದ್ದರೆ, ಇದು ಒಳ್ಳೆಯ ದಾರಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಕ್ಕಾದರೆ ಹೊತ್ತೊಯ್ದದ್ದು ವ್ಯರ್ಥ.

ಬಾಡಿಗೆಗೆ ಪಡೆದರೆ ಆ ದೇಶದ ಒಪ್ಪಿಗೆ ಇರುವ ಸೀಟೇ ಸಿಗುತ್ತದೆ. ಆದರೆ ದಿನದ ಲೆಕ್ಕದ ಬಾಡಿಗೆ ಎರಡು ವಾರಕ್ಕೆ ಬೆಳೆದು ಹೊಸ ಸೀಟಿನ ಬೆಲೆಯನ್ನೇ ದಾಟಬಹುದು. ಗರಿಷ್ಠ ಇಷ್ಟೇ ಅನ್ನುವ ಮಿತಿ ಇದೆಯಾ ಅಂತ ಮೊದಲೇ ಕೇಳಿ. ಎರಡು ವಾರಕ್ಕಿಂತ ಹೆಚ್ಚು ದಿನ ಇರುವವರಿಗೆ, ಅದರಲ್ಲೂ ಅಲ್ಲಿ ನೆಂಟರು ಇದ್ದವರಿಗೆ, ಅಲ್ಲೇ ಒಂದು ಸಾದಾ ಸೀಟು ಕೊಂಡು ನೆಂಟರ ಮನೆಯಲ್ಲಿ ಬಿಟ್ಟು ಬರುವುದು ಎಷ್ಟೋ ಸಲ ಅಗ್ಗ. ಯಾರೋ ಬಳಸಿದ್ದನ್ನು ಕೊಟ್ಟರೆ ಮಾತ್ರ ಹುಷಾರು. ಒಮ್ಮೆ ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದು, ತಯಾರಾದ ವರ್ಷವನ್ನೂ ನೋಡಬೇಕು.

ಸೀಟ್ ಬೇಡ ಅನ್ನುವವರ ವಾದ

ಅದನ್ನೂ ಕೇಳಬೇಕು. ಸೋಮಾರಿತನ ಅಂತ ತಳ್ಳಿಹಾಕುವಂಥದ್ದಲ್ಲ.

ಒಂದು, ಖರ್ಚು. ಭಾರತದಲ್ಲಿ ಒಂದು ಸೀಟಿಗೆ ಐದಾರು ಸಾವಿರದಿಂದ ಶುರುವಾಗಿ ಹದಿನೈದು, ಇಪ್ಪತ್ತು ಸಾವಿರದವರೆಗೆ. ಮಗು ಬೆಳೆದ ಹಾಗೆ ಮತ್ತೊಂದು. ಇನ್ನೊಂದು, ಜಾಗ. ಹಿಂದಿನ ಸೀಟಿನಲ್ಲಿ ಅಜ್ಜ, ಅಜ್ಜಿ, ಅತ್ತಿಗೆ, ಎರಡು ಮಕ್ಕಳು ಕೂತು ಮದುವೆಗೆ ಹೋಗುವ ಮನೆಗೆ ಒಂದು ಚೈಲ್ಡ್ ಸೀಟ್ ಇಟ್ಟರೆ ಇಬ್ಬರು ಇಳಿಯಬೇಕು. ಕೇರಳದಲ್ಲಿ ಸರ್ಕಾರ ಹಿಂದೆ ಸರಿದದ್ದಕ್ಕೆ ಈ ಥರದ ಸಿಟ್ಟೇ ಕಾರಣ ಅಂತ ಊಹಿಸುವುದು ಕಷ್ಟವಲ್ಲ.

ಮೂರನೆಯದು ಪಂಡಿತರ ವಾದ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಸಾವು ತಪ್ಪಿಸುವ ಮಟ್ಟಿಗೆ ಚೈಲ್ಡ್ ಸೀಟಿಗೂ ಬೆಲ್ಟಿಗೂ ದೊಡ್ಡ ವ್ಯತ್ಯಾಸ ಇಲ್ಲ ಅಂತ ಅಮೆರಿಕದ ಅಪಘಾತಗಳ ಅಂಕಿಅಂಶ ಹಿಡಿದು ಅಲ್ಲಿನ ಅರ್ಥಶಾಸ್ತ್ರಜ್ಞರೇ ವಾದಿಸಿದ್ದುಂಟು. 2006ರಲ್ಲಿ ಮಕ್ಕಳ ವೈದ್ಯಶಾಸ್ತ್ರದ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು. ಎರಡರಿಂದ ಆರು ವರ್ಷದ ಮಕ್ಕಳಲ್ಲಿ, ಬರೀ ಬೆಲ್ಟಿಗೆ ಹೋಲಿಸಿದರೆ, ತೀರಾ ತಪ್ಪಾಗಿ ಬಳಸದ ಚೈಲ್ಡ್ ಸೀಟಿನಿಂದ ಸಾವಿನ ಅಪಾಯ ಶೇ 28ರಷ್ಟು ಕಡಿಮೆ ಅಂತ ಅವರ ಲೆಕ್ಕ. ಏನನ್ನೂ ಕಟ್ಟದೆ ಇರುವುದಕ್ಕೆ ಹೋಲಿಸಿದರಂತೂ ಜಗಳವೇ ಇಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ ಸರಿಯಾದ ಸೀಟು ಒಂದು ವರ್ಷದೊಳಗಿನ ಮಕ್ಕಳ ಸಾವಿನ ಅಪಾಯವನ್ನು ಶೇ 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ 54ರಷ್ಟು ಇಳಿಸುತ್ತದೆ.

ಅಂದರೆ ವಿದ್ವಾಂಸರ ಜಗಳ ಇರುವುದು ಬೆಲ್ಟೋ ಸೀಟೋ ಅನ್ನುವುದರಲ್ಲಿ. ಮಡಿಲೋ ಸೀಟೋ ಅನ್ನುವುದರಲ್ಲಿ ಅಲ್ಲ. ನಮ್ಮಲ್ಲಿ ನಡೆಯುವ ಜಗಳ ಎರಡನೆಯದು. ಮೊದಲನೆಯದರ ಅಂಕಿ ತಂದು ಎರಡನೆಯದಕ್ಕೆ ಹಚ್ಚುವುದರಿಂದ ಗೊಂದಲ ಆಗುತ್ತಿದೆ.

ಟ್ಯಾಕ್ಸಿಯ ಕಥೆ ಬೇರೆ

ಬ್ರಿಟನ್‌ನಲ್ಲಿ ಟ್ಯಾಕ್ಸಿಯವರ ಬಳಿ ಸರಿಯಾದ ಸೀಟು ಇಲ್ಲದಿದ್ದರೆ ಮಗು ಹಿಂದಿನ ಸೀಟಿನಲ್ಲಿ ಹಾಗೇ ಹೋಗಬಹುದು. ಮೂರು ವರ್ಷ ತುಂಬಿದ್ದರೆ ದೊಡ್ಡವರ ಬೆಲ್ಟ್ ಕಟ್ಟಬೇಕು. ಸಿಂಗಪುರದಲ್ಲಿ ಟ್ಯಾಕ್ಸಿಗೆ ವಿನಾಯಿತಿ ಇದೆ, ಆದರೆ ಆ್ಯಪ್‌ನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ. ಈ ವಿನಾಯಿತಿ ಕೊಟ್ಟಿರುವುದು ಟ್ಯಾಕ್ಸಿಯಲ್ಲಿ ಅಪಾಯ ಕಡಿಮೆ ಅಂತ ಅಲ್ಲ. ಎಲ್ಲ ಅಳತೆಯ ಸೀಟನ್ನೂ ಒಬ್ಬ ಟ್ಯಾಕ್ಸಿಯವನು ಡಿಕ್ಕಿಯಲ್ಲಿ ಹೊತ್ತು ತಿರುಗಲಾರ ಅಂತ. ಬಾಡಿಗೆಗೆ ತೆಗೆದುಕೊಂಡು ನೀವೇ ಓಡಿಸುವ ಕಾರು ಕಾನೂನಿನ ಕಣ್ಣಿಗೆ ಟ್ಯಾಕ್ಸಿ ಅಲ್ಲ, ಅದು ನಿಮ್ಮ ಕಾರು. ರೈಲು ಚೆನ್ನಾಗಿರುವ ಊರುಗಳಲ್ಲಿ ಕಾರನ್ನೇ ಬಿಡುವುದು ಕೆಲವರಿಗೆ ಇದಕ್ಕಿಂತ ಸುಲಭವಾದೀತು. ರೈಲೇ ಇಲ್ಲದ ಜಿಲ್ಲೆಯವರಿಗೆ ಅದು ಥಟ್ಟನೆ ಹೊಳೆಯುವುದಿಲ್ಲ ಅಷ್ಟೇ.

ತಪ್ಪಿದರೆ ಏನು?

ದಂಡ ಚಿಕ್ಕ ವಿಷಯ. ಯುಎಇಯಲ್ಲಿ 400 ದಿರ್ಹಮ್, ಮೇಲೆ ನಾಲ್ಕು ಬ್ಲ್ಯಾಕ್ ಪಾಯಿಂಟ್, ಅಂದರೆ ಲೈಸೆನ್ಸಿನ ಲೆಕ್ಕಕ್ಕೆ ಸೇರುವ ತಪ್ಪಿನ ಅಂಕ. ಅಲ್ಲೇ ಕೆಲಸ ಮಾಡುವ ಅಳಿಯನ ಲೈಸೆನ್ಸಿಗೆ ಆ ಪಾಯಿಂಟ್ ದುಡ್ಡಿಗಿಂತ ಭಾರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2024ರ ಜುಲೈನಿಂದ ಬೆಲ್ಟ್ ಹಾಕಿಲ್ಲದ್ದನ್ನು ಕ್ಯಾಮೆರಾ ಹಿಡಿಯುತ್ತದೆ. ಬಾಡಿಗೆ ಕಾರಿನ ನಂಬರಿಗೆ ಬಂದ ದಂಡ ಮೊದಲು ಕಂಪನಿಗೆ ಹೋಗುತ್ತದೆ. ಅವರು ತಮ್ಮ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆಯುತ್ತಾರೆ, ನೀವು ಊರಿಗೆ ಬಂದು ತಿಂಗಳಾದ ಮೇಲೆ.

ಪರಿಹಾರದ ವಿಷಯ ಇನ್ನೂ ಗಂಭೀರ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದಲ್ಲಿ ಪುಟ್ಟ ಮಗು ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿತ್ತು, ತಾಯಿಯ ಬೆಲ್ಟಿನ ಕೆಳಪಟ್ಟಿಯೊಳಗೆ. ಅಪಘಾತಕ್ಕೆ ಕಾರಣ ಎದುರಿನ ಕಾರಿನವರು. ಆದರೂ ಮಗುವಿಗೆ ಆದ ಗಾಯದ ಹೊಣೆಯಲ್ಲಿ ಶೇ 25ರಷ್ಟು ಮಗುವನ್ನು ಹಾಗೆ ಕರೆದೊಯ್ದ ದೊಡ್ಡವರ ಮೇಲೆ ಬಿತ್ತು. ತಪ್ಪು ಎದುರಿನವರದ್ದೇ ಆದರೂ ಮಡಿಲಿಗೆ ಬೆಲೆ ತೆರಬೇಕಾಗಿ ಬಂತು.

ಅಭ್ಯಾಸ ಊರಲ್ಲೇ ಆಗಬೇಕು

ಇಷ್ಟೆಲ್ಲ ಗೊತ್ತಿದ್ದು, ಸರಿಯಾದ ಸೀಟು ಸಿಕ್ಕಿದರೂ ಕೆಲಸ ಕೆಡುವ ಜಾಗ ಒಂದಿದೆ. ಅಮೆರಿಕದಲ್ಲಿ 2011ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 46ರಷ್ಟು ಸೀಟುಗಳನ್ನು ತಪ್ಪಾಗಿ ಬಳಸುತ್ತಿದ್ದುದು ಕಂಡುಬಂತು. ದಿನಾ ಸೀಟು ಬಳಸುವವರ ಕಥೆಯೇ ಇದು. ಇನ್ನು ಜೀವನದಲ್ಲಿ ಮೊದಲ ಸಲ ಸೀಟು ನೋಡುವ ಅಪ್ಪ ಅಮ್ಮ, ಮೊದಲ ಸಲ ಅದರಲ್ಲಿ ಕೂರುವ ಮಗು. ಎಡಕ್ಕೆ ಓಡಿಸಿ ಅಭ್ಯಾಸ ಇರುವ ಡ್ರೈವರ್ ಬಲಕ್ಕೆ ಓಡಿಸುತ್ತಿರುತ್ತಾನೆ. ಹಿಂದೆ ಮಗು ಕಿರುಚುತ್ತದೆ. ಹತ್ತು ನಿಮಿಷ ತಡೆದ ಅಮ್ಮ ಬಕಲ್ ಬಿಚ್ಚುತ್ತಾರೆ. ಬೇಡ ಅನ್ನಲು ಕಾರಿನಲ್ಲಿ ಯಾರಿಗೂ ಧೈರ್ಯ ಇರುವುದಿಲ್ಲ.

ಇದನ್ನು ತಪ್ಪಿಸುವ ಕೆಲಸ ಮೂರ್ನಾಲ್ಕು ವಾರ ಮೊದಲು ಊರಲ್ಲಿ ಆಗಬೇಕು. ಒಂದು ಸೀಟು ಕೊಂಡೋ, ಬಳಗದಲ್ಲಿ ಯಾರದ್ದಾದರೂ ಕೇಳಿ ತಂದೋ, ಮೊದಲ ಎರಡು ದಿನ ಮನೆಯ ಜಗಲಿಯಲ್ಲೇ ಇಟ್ಟು ಮಗುವನ್ನು ಕೂರಿಸಿ ಆಡಲು ಬಿಡಬೇಕು. ಆಮೇಲೆ ಗೋಣಿಕೊಪ್ಪದ ಸಂತೆಗೆ ಹೋಗಿ ಬರುವಷ್ಟು ದೂರ. ಆಮೇಲೆ ಕುಶಾಲನಗರ. ವಾಂತಿಯ ತೊಂದರೆ ಇರುವ ಮಗುವಿಗೆ ಹೊರಡುವ ಮುಂಚೆ ಹೊಟ್ಟೆ ಬಿರಿಯುವಷ್ಟು ತಿನ್ನಿಸದೆ, ಕಿಟಕಿ ಸ್ವಲ್ಪ ಇಳಿಸಿ, ತಿರುವಿನಲ್ಲಿ ನಿಧಾನ ಮಾಡಿದರೆ ಸೀಟಿನಲ್ಲೂ ನಡೆಯುತ್ತದೆ. ಅಳುವುದು ನಿಲ್ಲದಿದ್ದರೆ ಗಾಡಿ ಬದಿಗೆ ಹಾಕಿ ಇಳಿಸಿ ಸಮಾಧಾನ ಮಾಡಬೇಕು. ಓಡುವ ಗಾಡಿಯಲ್ಲಿ ಬಕಲ್ ಬಿಚ್ಚುವುದು ಒಂದು ಸಲ ಅಭ್ಯಾಸವಾದರೆ ಮಗು ಅದನ್ನೇ ಕೇಳುತ್ತದೆ.

ಕಣ್ಣೂರಿಗೋ ಮಂಗಳೂರಿಗೋ ಬಿಟ್ಟು ಬರುವ ಊರಿನ ಟ್ಯಾಕ್ಸಿಯ ಮಾತೂ ಉಳಿದಿದೆ. ಹಿಂದಿನ ಸೀಟಿಗೆ ಹೊಸ ಕವರ್ ಹೊಲಿಸಿದಾಗ ಬೆಲ್ಟಿನ ಬಕಲ್ ಕವರಿನ ಕೆಳಗೆ ಸೇರಿಹೋಗಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದನ್ನು ವರ್ಷಗಟ್ಟಲೆ ಯಾರೂ ಹೊರಗೆ ತೆಗೆದಿರುವುದಿಲ್ಲ. ಚೈಲ್ಡ್ ಸೀಟನ್ನು ಕಟ್ಟುವುದು ಅದೇ ಬಕಲ್ಲಿಗೆ. ಬೆಳಗಿನ ಜಾವ ಮೂರು ಗಂಟೆಗೆ, ಮಳೆಯಲ್ಲಿ, ಅಂಗಳದಲ್ಲಿ ಟಾರ್ಚ್ ಹಿಡಿದು ಹುಡುಕುವ ಬದಲು, ಹಿಂದಿನ ದಿನ ಸಂಜೆಯೇ ಡ್ರೈವರಿಗೆ ಫೋನ್ ಮಾಡಿ ಕವರ್ ಎತ್ತಿ ಬಕಲ್ ಹೊರಗೆ ತೆಗೆದಿಡಲು ಹೇಳಿ.